ಅಪ್ಪ ಮಾಡಿದ ಯಂತ್ರ

ನಮ್ಮಪ್ಪ ರಂಗರಾಜು ಕೊಳ್ಳೇಗಾಲದಲ್ಲಿ ತಗಡಿನ ಕೆಲಸ ಮಾಡುತ್ತಿದ್ದರು. ಸೀಮೆಎಣ್ಣೆ ಡಬ್ಬ, ಆಲಿಕೆ, ರಾಗಿ ತುಂಬುವ ಡ್ರಮ್ಮು. ಜೊತೆಗೆ ಮಂತ್ರವಾದಿಗಳಿಗೆ ತಾಮ್ರದ ತಗಡನ್ನು ಚೌಕವಾಗಿ ಕತ್ತರಿಸಿ ಕೊಡುವುದು. ಅವರು ಅದರ ಮೇಲೆ ಏನೋ ಗೀಚಿ, ಯಂತ್ರ ಎಂದು ಹೆಸರಿಟ್ಟು, ಜನರ ಹೊಸ್ತಿಲ ಕೆಳಗೆ ಹೂಳಿಸುತ್ತಿದ್ದರು. ನಮ್ಮೂರಿನ ಹೆಸರು ಹೇಳಿದರೆ ಹೊರಗಿನವರು ಇವತ್ತಿಗೂ ನಗುವುದು ಅದಕ್ಕೇ. ಅಪ್ಪನಿಗೆ ಅದರಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. "ನನ್ ಕತ್ರಿಗೆ ಇಲ್ದಿರೋ ಸಕ್ತಿ ಅವ್ರ್ ಗೀಚೋ ಮೊಳೆಗೆ ಎಲ್ಲಿಂದ ಬಂದದು?" ಎನ್ನುತ್ತಿದ್ದರು. ಅವರಿಗೆ ಕೋಪ ಮೂಗಿನ ತುದಿಯಲ್ಲೇ. ನನಗೂ ಅದೇ ಬಂದಿದೆ, ಮುಚ್ಚಿಡುವುದೇನು.

2002ರಲ್ಲಿ, ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಸಂಜೆ ಐದಕ್ಕೆ ಕೇಬಲ್ಲಿನಲ್ಲಿ ಒಂದು ಜಪಾನಿ ಕಾರ್ಟೂನ್ ಧಾರಾವಾಹಿ ಬರುತ್ತಿತ್ತು. ಆಕಾಶದಿಂದ ಇಳಿದವರು ಮನುಷ್ಯರ ಬೀಜವೇ ಉಳಿಯದಂತೆ ಮಾಡಲು ಹೊರಟಿರುತ್ತಾರೆ. ತಡೆಯುವುದಕ್ಕೆ ಗೋಪುರದಷ್ಟು ಎತ್ತರದ ರೋಬೋಗಳು. ಅವುಗಳ ಎದೆಯೊಳಗೆ ಕೂತು ಓಡಿಸುವವರು ನನ್ನ ವಯಸ್ಸಿನ ಹುಡುಗಿಯರು. ಮಾತೆಲ್ಲ ಹಿಂದಿ. ಅರ್ಧ ಅರ್ಥವಾಗುತ್ತಿರಲಿಲ್ಲ, ಆದರೂ ಅಪ್ಪ ಸುತ್ತಿಗೆ ಕೆಳಗಿಟ್ಟು ಬಂದು ಕೂರುತ್ತಿದ್ದರು. ಅವರ ಸಿಟ್ಟೇ ಬೇರೆ. "ಲೋಕ ಉಳಿಸ್ತೀವಿ ಅಂತ ಕುಣೀತಾವೆ. ಇಷ್ಟ್ ದೊಡ್ಡದ ಬಡ್ದು ನಿಲ್ಸಿದ ಕೆಲಸ್ದೋನ ಒಂದಿನನಾದ್ರೂ ತೋರ್ಸವ್ರಾ?"

ಆ ವರ್ಷ ಚಾಮರಾಜನಗರದಲ್ಲಿ ಜಿಲ್ಲಾ ವಿಜ್ಞಾನ ವಸ್ತುಪ್ರದರ್ಶನ. ನಮ್ಮ ಶಾಲೆಯಿಂದ ಒಬ್ಬರಿಗೆ ಮಾತ್ರ ಅವಕಾಶ. ಅದು ನನಗೇ ಬೇಕಿತ್ತು. ರೋಬೋ ಮಾಡುತ್ತೇನೆ ಎಂದೆ. ಅಪ್ಪ ತಗಡು ಬಡಿದರು, ನಾನು ವೈರು ಜೋಡಿಸಿದೆ. ಕಾರಿನ ಹಳೇ ಬ್ಯಾಟರಿ, ವೈಪರ್ ಮೋಟಾರು, ಕಣ್ಣಿಗೆ ಸ್ಕೂಟರಿನ ಇಂಡಿಕೇಟರ್ ಬಲ್ಬು. ಗುಂಡಿ ಒತ್ತಿದರೆ ಕಣ್ಣು ಹೊಳೆದು ಬಲಗೈ ಮೇಲೇಳುತ್ತಿತ್ತು.

ಅಪ್ಪನ ತಪ್ಪು ಒಂದೇ. ಟೀ ಅಂಗಡಿಯಲ್ಲಿ ಹೆಮ್ಮೆಯಿಂದ, "ಮಗ್ಳಿಗೆ ಆಳೆತ್ತರದ ಯಂತ್ರ ಮಾಡ್ಕೊಟ್ಟಿವ್ನಿ. ನಾಳೆ ಸ್ಕೂಲಲ್ಲಿ ನಿಲ್ಸ್ತೀನಿ" ಎಂದುಬಿಟ್ಟರು. ಪುಸ್ತಕದಲ್ಲಿ ರೋಬೋಗೆ ಯಂತ್ರಮಾನವ ಎಂದಿತ್ತು; ಆ ಮಾತು ಅವರಿಗೆ ಕಲಿಸಿದವಳು ನಾನೇ. ಬೇರೆ ಊರಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೊಳ್ಳೇಗಾಲದಲ್ಲಿ, ಅದೂ ತಾಮ್ರ ಕತ್ತರಿಸುವವನ ಬಾಯಲ್ಲಿ, ಯಂತ್ರವೆಂದರೆ ಒಂದೇ ಅರ್ಥ.

ಬೆಳಿಗ್ಗೆ ರೋಬೋವನ್ನು ತಳ್ಳುಗಾಡಿಯ ಮೇಲೆ ಮಲಗಿಸಿಕೊಂಡು ಹೋದರೆ ಶಾಲೆಯ ಗೇಟಿನಲ್ಲಿ ಇಪ್ಪತ್ತು ಜನ ಅಡ್ಡ ನಿಂತಿದ್ದರು. ಹಿಂದಿನ ದಿನವೇ ಮಧುವನಹಳ್ಳಿಯಿಂದ ನಮ್ಮ ಶಾಲೆಗೆ ಬರುವ ಒಬ್ಬ ಹುಡುಗಿಗೆ ವಾಂತಿಯಾಗಿತ್ತಂತೆ. ಇನ್ನೂ ನಿಲ್ಲಿಸದ ಯಂತ್ರ ನಮ್ಮ ಅಂಗಡಿಯಿಂದಲೇ ಕೆಲಸ ಶುರುಮಾಡಿತ್ತು!

"ಸಾ, ಇದು ಮಿಷನ್ನು ಸಾ, ಬಂದ್ ನೋಡಿ" ಎಂದು ಅಪ್ಪ ಗೋಗರೆದರು. ಹೆಡ್‌ಮಾಸ್ಟರ್ ಶಿವರುದ್ರಸ್ವಾಮಿ, ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವರು, ಹತ್ತಿರಕ್ಕೂ ಬರಲಿಲ್ಲ.

"ನಂಗೊತ್ತು ರಂಗರಾಜು. ಆದ್ರೆ ಜನ ಕೇಳಬೇಕಲ್ಲ" ಎಂದರು. ನನ್ನ ಜಾಗದಲ್ಲಿ ಥರ್ಮೋಕೋಲಿನ ಜ್ವಾಲಾಮುಖಿ ಚಾಮರಾಜನಗರಕ್ಕೆ ಹೋಯಿತು. ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ.

ತಿಂಗಳು ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಅದೇ ಶಿವರುದ್ರಸ್ವಾಮಿ ನಮ್ಮ ಅಂಗಡಿಗೆ ಬಂದರು. ಕೈಯಲ್ಲಿ ಬಾಳೆಹಣ್ಣು, ನಿಂಬೆಹಣ್ಣು. ಅವರಿಗೆ ಗೋಪಿನಾಥಂಗೆ ವರ್ಗವಾಗಿತ್ತು. ಕಾಡಿನಾಚೆಯ ಊರು, ಬಸ್ಸು ತಪ್ಪಿದರೆ ಮತ್ತೆ ನಾಳೆಯೇ. ಅಪ್ಪನ ಕಡೆಗೆ ಬಗ್ಗಿ, "ಅದು ಇನ್ನೂ ಇದೆಯಾ? ಹೇಗಾದ್ರೂ ಆರ್ಡರ್ ನಿಲ್ಲಬೇಕು ರಂಗರಾಜು. ಅಷ್ಟು ದೊಡ್ಡ ಯಂತ್ರ ಈ ಸೀಮೇಲೇ ಇಲ್ಲ ಅಂತಾರೆ" ಎಂದರು.

ಅಪ್ಪನ ಮುಖ ಕೆಂಡವಾಯಿತು. ಸುತ್ತಿಗೆ ಎಲ್ಲಿ ಎಸೆದುಬಿಡುತ್ತಾರೋ ಎಂದು ನಾನು ಎದ್ದು ನಿಂತೆ. ಎಸೆಯಲಿಲ್ಲ. ರೋಬೋಗೆ ಹೊದಿಸಿದ್ದ ಗೋಣಿಚೀಲ ಕಿತ್ತು ಹಾಕಿ, "ಗುಂಡಿ ಒತ್ತು ಕವಿತ. ಅಲ್ಲಿ ಯೋಳ್ಬೇಕು ಅಂತ ಬರ್ಕೊಂಡಿದ್ಯಲ್ಲ, ಅದ್ನೇ ಇಲ್ಲಿ ಯೋಳು" ಎಂದರು.

ಒತ್ತಿದೆ. ಕಣ್ಣು ಹೊಳೆಯಿತು, ಕೈ ಎದ್ದಿತು. ಬ್ಯಾಟರಿಯಿಂದ ಮೋಟಾರಿಗೆ ವಿದ್ಯುತ್ ಹೇಗೆ ಹರಿಯುತ್ತದೆ ಎಂದು ಹೇಳತೊಡಗಿದೆ. ತಿರುಗಿ ನೋಡಿದರೆ ಹೆಡ್‌ಮಾಸ್ಟರು ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಕೈ ಮುಗಿದು ನಿಂತಿದ್ದರು.

"ಕೈ ಇಳ್ಸಿ ಸಾ!" ಅಪ್ಪ ಅಬ್ಬರಿಸಿದ್ದು ಬೀದಿಗೆಲ್ಲ ಕೇಳಿಸಿತು. "ನನ್ ಮಗ್ಳು ಪಾಠ ಯೋಳ್ತಾವ್ಳೆ. ಕಣ್ ಬುಟ್ಟು ಕೇಳಿ!"