ಬಿಲ್ಲು ಕೊಡದ ಕಜೆಟನ್

ಕಾರ್ಕಳ ಪೇಟೆಯಲ್ಲಿ ಸೀಮೆಎಣ್ಣೆ ಸ್ಟವ್ ಮಾರುತ್ತಿದ್ದ ಕಜೆಟನ್ ಶುದ್ಧ ಹೇಡಿ. ತಾನು ಮಾರಿದ ಸ್ಟವ್ ಎಲ್ಲಿ ಸಿಡಿಯುತ್ತದೋ, ಯಾವ ವಕೀಲರ ನೋಟೀಸು ಬರುತ್ತದೋ ಎಂಬ ಹೆದರಿಕೆಯಲ್ಲಿ ಅವನು ಅಂಚೆಯವನ ಸೈಕಲ್ ಬೆಲ್ ಕೇಳಿದರೂ ಅಂಗಡಿಯ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದ. ಪ್ರತಿ ಸ್ಟವ್ವನ್ನೂ ಗಿರಾಕಿಯ ಎದುರೇ ಪಂಪು ಹೊಡೆದು ಉರಿಸುವುದು, "ಸರಿಯಾಗಿ ಉರಿಯುತ್ತದೆ" ಎಂದು ಅವರ ಬಾಯಿಂದ ಮೂರು ಸಲ ಹೇಳಿಸುವುದು ಅವನ ಕ್ರಮ. "ಮದುವೆಯ ದಿನ ಪಾದ್ರಿ ಕೂಡ ನನ್ನನ್ನು ಒಂದೇ ಸಲ ಕೇಳಿದ್ದು ಮಾರಾಯ," ಎಂದು ಕುಕ್ಕುಂದೂರಿನ ಅಪೊಲೋನಿಯಾ ಬಾಯಿ ಸ್ಟವ್ ಕೊಂಡ ದಿನ ನಕ್ಕಿದ್ದಳು. ಬಿಲ್ಲು ಮಾತ್ರ ಅವನು ಯಾರಿಗೂ ಕೊಟ್ಟವನಲ್ಲ. "ನಮ್ಮನಮ್ಮೊಳಗೆ ಕಾಗದ ಎಂತಕ್ಕೆ?" ಎನ್ನುತ್ತಿದ್ದ. ಕಾಗದವಿಲ್ಲದಿದ್ದರೆ ಆ ಸ್ಟವ್ ತನ್ನ ಅಂಗಡಿಯದೆಂದು ಕೋರ್ಟಿನಲ್ಲಿ ಯಾರೂ ತೋರಿಸಲಾರರು ಎಂಬುದೇ ಅವನಿಗಿದ್ದ ಒಂದು ಧೈರ್ಯ. ೧೯೫೮ರ ಮಳೆಗಾಲ ಮುಗಿಯುವಾಗ ಅಪೊಲೋನಿಯಾ ಮತ್ತೆ ಬಂದಳು. ಬಲಗೈಗೆ ಮೊಣಕೈಯವರೆಗೆ ಬಟ್ಟೆ ಸುತ್ತಿತ್ತು. "ಟಾಂಕಿಯ ಬೆಸುಗೆ ಬಿಟ್ಟು ಸಿಡಿಯಿತು. ದಾವೆ ಹಾಕಲು ವಕೀಲರು ಬಿಲ್ಲು ಕೇಳುತ್ತಾರೆ," ಎಂದಳು. "ಇಲ್ಲಿ ಬಿಲ್ಲಿನ ಕ್ರಮ ಇಲ್ಲ," ಎಂದ ಕಜೆಟನ್. "ಗೊತ್ತುಂಟು. ಕೇಳಿ ನೋಡಿ ಎಂದರು, ಕೇಳಿದೆ." ಅವಳು ಮೆಟ್ಟಿಲಲ್ಲಿ ನಿಂತು ಎಡಗೈಯೊಂದರಲ್ಲೇ ಕೊಡೆ ಬಿಡಿಸಲು ನೋಡಿದಳು, ಆಗಲಿಲ್ಲ. ಕಜೆಟನ್ ಅದನ್ನು ನೋಡುತ್ತ ನಿಂತ. ಆಮೇಲೆ "ನಿಲ್ಲಿ ಬಾಯಿ," ಎಂದು, ಅಂಗಡಿ ತೆರೆದ ವರ್ಷ ಅಚ್ಚು ಹಾಕಿಸಿ ಡ್ರಾವರಿನ ತಳದಲ್ಲಿ ಇಟ್ಟಿದ್ದ ಬಿಲ್ಲುಪುಸ್ತಕ ತೆಗೆದ. ಅವಳು ಸ್ಟವ್ ಕೊಂಡ ತಾರೀಕನ್ನು ಅವಳನ್ನು ಕೇಳದೆಯೇ ಬರೆದ. ಸಹಿ ಹಾಕಿದ, ಅದು ಗೀಚಿದಂತಾಯಿತು. ಅದರ ಕೆಳಗೆ ಇನ್ನೊಮ್ಮೆ, ಯಾರಿಗಾದರೂ ಓದಲು ಬರುವಂತೆ, ಪೂರ್ತಿ ಹೆಸರು ಬರೆದು, ಒಂದನೇ ನಂಬರಿನ ಹಾಳೆಯನ್ನು ಹರಿದು ಅವಳ ಎಡಗೈಗೆ ಕೊಟ್ಟ.