ಬೆಳಕಿನ ಮೇಜಿನ ಮೇಲೆ ಒಣಮೀನು

ಮೊನ್ನೆ ಬೆಳಿಗ್ಗೆ ಹಲಸಿನ ಹಪ್ಪಳಗಳನ್ನು ಡಬ್ಬಿಗೆ ತುಂಬುವ ಮೊದಲು ಒಂದೊಂದನ್ನೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಸೊಸೆ ಬಾಗಿಲಲ್ಲಿ ನಿಂತು ನಕ್ಕಳು.

“ಎಂತ ಅತ್ತೆ, ಹಪ್ಪಳದ ಎಕ್ಸ್‌ರೇ ತೆಗೀತ್ರಾ?”

ನಗಲಿ ಬಿಡಿ. ಧಾರೇಶ್ವರದ ನಮ್ಮ ಮನೆಯಲ್ಲಿ ಹಪ್ಪಳ ಒಣಗಿದೆಯೇ ಎಂದು ನೋಡುವ ಕ್ರಮವೇ ಬೇರೆ. ಅಂಚು ಮುರಿಯುವುದು, ಪಟ್ ಎಂದರೆ ಒಣಗಿದೆ, ಅಷ್ಟೇ. ಬೆಳಕಿಗೆ ಹಿಡಿಯುವ ಈ ಚಾಳಿ ನನಗೆ ಅಂಟಿದ್ದು ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ, ಅದೂ ನಾಲ್ಕು ವರ್ಷದ ಒಬ್ಬ ಗುರುವಿನಿಂದ. ನಾಚಿಕೆಯ ಸಂಗತಿ ಏನೆಂದರೆ, ಆಗ ಅಲ್ಲಿ ಕಲಿಸುವ ಸಂಬಳ ತೆಗೆದುಕೊಳ್ಳುತ್ತಿದ್ದವಳು ನಾನು.

ಅಲ್ಲಿನ ಪುಟ್ಟ ಬಾಲವಾಡಿಯಲ್ಲಿ ನಾನು ಟೀಚರ್ ಆಗಿದ್ದೆ. ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ‘ಅಕ್ಕೋರು’ ಎನ್ನುತ್ತಾರಲ್ಲ, ಹಾಗೆ ಇಪ್ಪತ್ತೆರಡು ಮಕ್ಕಳಿಗೆ ಅಕ್ಕೋರು. ದಿನಾ ಬಸ್ಸು ಹಿಡಿದು, ಹೊನ್ನಾವರದ ಸೇತುವೆ ದಾಟಿ ಹೋಗಿಬರುವುದು. ಒಮ್ಮೆ ತರಬೇತಿಯಲ್ಲಿ ಒಂದು ವಿಡಿಯೋ ತೋರಿಸಿದರು. ಯಾವುದೋ ದೇಶದ ಮಕ್ಕಳು, ಒಳಗಿನಿಂದ ಹೊಳೆಯುವ ಒಂದು ಮೇಜು, ಅದರ ಮೇಲೆ ಎಲೆ, ಗರಿ, ಬಣ್ಣದ ಹಾಳೆ ಇಟ್ಟುಕೊಂಡು ಆಡುತ್ತಿದ್ದಾರೆ. ನೋಡಿದ್ದೇ ತಡ, ನನಗೆ ಹುಚ್ಚು ಹಿಡಿಯಿತು.

ಕುಮಟೆಯಲ್ಲಿ ಅಂಗಡಿಗಳ ಬೋರ್ಡು ಮಾಡುವ ನನ್ನ ತಮ್ಮ ಇದ್ದಾನೆ. ಅವನನ್ನು ಕಾಡಿ, ಬೇಕರಿಯೊಂದರ ಮೂಲೆಗೆ ಬಿದ್ದಿದ್ದ ಲೈಟಿನ ಬೋರ್ಡನ್ನು ಅಡ್ಡ ಮಲಗಿಸಿ, ಕಾಲು ಹಚ್ಚಿಸಿಕೊಂಡೆ. ಅಕ್ಷರಗಳನ್ನು ಎಷ್ಟು ಕೆರೆದರೂ ‘ಬೇ’ ಮಾತ್ರ ಮಸುಕಾಗಿ ಉಳಿಯಿತು. ಹಾಗಾಗಿ ಆ ವರ್ಷ ನಮ್ಮ ಮಕ್ಕಳು ಮೊದಲು ಕಲಿತ ಅಕ್ಷರ ‘ಅ’ ಅಲ್ಲ, ‘ಬೇ’.

ಕಿಟಕಿ ಅರ್ಧ ಮುಚ್ಚಿ ಸ್ವಿಚ್ ಹಾಕಿದರೆ ಇಡೀ ಬಾಲವಾಡಿ ಗಪ್‌ಚಿಪ್. ಹಳದಿ ಹಾಳೆಯ ಮೇಲೆ ನೀಲಿ ಹಾಳೆ ಇಟ್ಟರೆ ಹಸಿರಾಗುತ್ತದೆ ಎಂದು ನಾನು ಬಾಯಲ್ಲಿ ಎಷ್ಟೋ ಸಲ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ತಮ್ಮ ಕೈಯಿಂದಲೇ ಹಸಿರಾಗುವುದನ್ನು ನೋಡಿ ಕಿರುಚಿದರು. ಈರುಳ್ಳಿ ಸಿಪ್ಪೆಯ ಗೆರೆ, ಅಶ್ವತ್ಥದ ಒಣ ಎಲೆಯ ಬಲೆ, ಸಿಗಡಿ ಮೀಸೆಯಂಥ ತೆಂಗಿನ ನಾರು... ಮಕ್ಕಳು ಮನೆಗೆ ಹೋದ ಮೇಲೂ ನಾನೊಬ್ಬಳೇ ಕೂತು ಆಡಿ ಎರಡು ಸಲ ಬಸ್ಸು ತಪ್ಪಿಸಿಕೊಂಡಿದ್ದೇನೆ. ಮನೆಯಲ್ಲಿ ಮೀಟಿಂಗು ಎಂದು ಸುಳ್ಳು ಹೇಳಿದೆ.

ದಿವ್ಯಾ ಒಬ್ಬಳು ಮಾತ್ರ ಆ ಮೇಜಿನ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದಳು. ತಾಯಿ ತಂದೆ ದೋಣಿ, ಬಂದರು ಎಂದು ಓಡಾಡುವವರು. ಅವಳನ್ನು ತಂದುಬಿಡುತ್ತಿದ್ದವಳು ಮೀನು ಒಣಗಿಸುವ ಅಜ್ಜಿ ದೇವಕ್ಕ. ದಿವ್ಯಾಗೆ ಬಣ್ಣದ ಹಾಳೆ ಬೇಡ, ಎಲೆ ಬೇಡ. ಅಂಗೈಯನ್ನು ಬೆಳಕಿನ ಮೇಲೆ ಊರಿ, ಬೆರಳ ಸಂದಿ ಕೆಂಪಾಗುವುದನ್ನು ನೋಡಿ ಹೋಗಿಬಿಡುವಳು.

ಹೀಗಿರುವಾಗ ಎಲ್ಲಿಂದಲೋ ಅಕಾಲದ ಮೋಡ ಬಂದು ನಾಲ್ಕು ದಿನ ಕೂತಿತು. ಅಂಥದೊಂದು ಬೆಳಿಗ್ಗೆ ದಿವ್ಯಾ ಚೀಲದಿಂದ ಒಂದು ಒಣಮೀನು ತೆಗೆದು ಮೇಜಿನ ಮೇಲಿಟ್ಟಳು. ಎಲೆಯಂತೆ ಚಪ್ಪಟೆಯಾದ ನಂಗು ಮೀನು. ಮಗುಚಿದಳು, ಒತ್ತಿದಳು, ಬಗ್ಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ನಾಲ್ಕು ವರ್ಷದ ಮಗು ಯಾವುದನ್ನಾದರೂ ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ.

ಆದರೆ ನನ್ನ ಮೂಗು ಮೊದಲು ಎದ್ದಿತು. ಮೀನು ಬೇಯಿಸದ ಮನೆಯಲ್ಲಿ ಬೆಳೆದವಳು ನಾನು. ಕಾಸರಕೋಡಿಗೆ ಬಂದ ಮೇಲೆ ಅದೆಲ್ಲ ಬಿಟ್ಟುಹೋಗಿದೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. “ಇದು ಆಟದ ಸಾಮಾನಲ್ಲ ಮಗಾ,” ಎಂದವಳೇ ಪೇಪರಿನಲ್ಲಿ ಹಿಡಿದು ಅಂಗಳಕ್ಕೆ ಎಸೆದೆ. ಕಾಗೆ ಹಾರಿಸಿಕೊಂಡು ಹೋಯಿತು. ಎಂತ ನೋಡ್ತಿದ್ದೆ ಎಂದು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ದಿವ್ಯಾ ಅಳಲೂ ಇಲ್ಲ. ಕಾಗೆ ಹೋದ ದಿಕ್ಕನ್ನೇ ನೋಡುತ್ತ ನಿಂತಳು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಜ್ವರವಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ವಾರವಾದಾಗ ಆ ಸುಳ್ಳು ನನಗೇ ಒಗ್ಗಲಿಲ್ಲ. ಮಗು ಶಾಲೆಯೆಂದರೆ ಹೀಗೇ ಎಂದುಕೊಂಡು ಇನ್ನು ಬರುವುದೇ ಇಲ್ಲವೇನೋ ಎಂದು ಹೆದರಿಕೆಯಾಯಿತು. ಸಂಜೆ ಮೀನು ಒಣಗಿಸುವ ಕಡಲದಂಡೆಯ ಮರಳಿಗೆ, ಅಲ್ಲಿಯವರು ಹೇಳುವ ಹೊಯ್ಗೆಗೆ, ಹೋದೆ.

ಮೋಡ ಸರಿದು ಬಿಸಿಲು ಬಿದ್ದಿತ್ತು. ದೇವಕ್ಕ ಬಲೆಯ ಮೇಲೆ ಹರಡಿದ ಮೀನುಗಳನ್ನು ಒಂದೊಂದಾಗಿ ಎತ್ತಿ ಸೂರ್ಯನಿಗೆ ಹಿಡಿದು, ಕೆಲವನ್ನು ಬುಟ್ಟಿಗೆ, ಕೆಲವನ್ನು ಮತ್ತೆ ಬಲೆಗೆ ಹಾಕುತ್ತಿದ್ದಳು. ದಿವ್ಯಾ ನನ್ನನ್ನು ಕಂಡು ಅಜ್ಜಿಯ ಬೆನ್ನಿಗೆ ಅಡಗಿದಳು.

“ಬರೂದಿಲ್ಲ ಹೇಳ್ತದೆ ಅಕ್ಕೋರೇ. ನಮ್ಮ ಮೀನು ಹೊಲಸು ಹೇಳಿದ್ರಂತಲ್ಲ?”

“ನಾ ಹಾಗೆ ಹೇಳ್ಲಿಲ್ಲ ದೇವಕ್ಕ,” ಎಂದೆ. ಬಾಯಿ ಹೇಳಿರಲಿಲ್ಲ, ನಿಜ.

ಮಾತು ತಪ್ಪಿಸಲು, ಎಂತ ನೋಡ್ತೀರಿ ಹೀಗೆ ಎಂದು ಕೇಳಿದೆ. ದೇವಕ್ಕ ಒಂದು ಮೀನನ್ನು ನನ್ನ ಕಣ್ಣೆದುರು ಹಿಡಿದಳು. “ಮುಳ್ಳಿನ ಬದಿಗೆ ಕಪ್ಪು ಕಾಣ್ತದ್ಯಾ? ಒಳಗೆ ನೀರದೆ. ಮೇಲೆ ಮುಟ್ರೆ ಒಣಗ್ದಂಗೇ ಇರ್ತದೆ. ಹಿಂತಾದು ಒಂದು ಚೀಲಕ್ಕೆ ಹೋದ್ರೆ ಇಡೀ ಚೀಲ ಹಾಳು. ಮೋಡ ಇದ್ರೆ ನಮ್ಗೆ ಕಣ್ಣೇ ಇಲ್ಲ ಅಕ್ಕೋರೇ, ಒಣಗ್ತೋ ಇಲ್ವೋ ಗೊತ್ತಾಗೂದಿಲ್ಲ.”

ಆಗ ಬೆನ್ನ ಹಿಂದಿನಿಂದ ಸಣ್ಣ ದನಿ ಬಂತು. “ಶಾಲೆ ಪೆಟ್ಟಿಲಿ ಬಿಸಲು ಅದೆ. ನೋಡಿ ಅಜ್ಜಿಗೆ ಹೇಳೂಕೆ ತಕಂಡು ಹೋಗಿದ್ದೆ. ಅಕ್ಕೋರು ಕಾಕೆಗೆ ಕೊಟ್ರು.”

ನನಗೆ ಆ ಹೊಯ್ಗೆಯಲ್ಲೇ ಇಳಿದುಹೋದರೆ ಸಾಕೆನಿಸಿತು. ಆ ಮೇಜಿಗೆ ನಿಜವಾದ ಕೆಲಸ ಹುಡುಕಿದ್ದ ಒಂದೇ ಮಗುವಿನ ಕೈಯಿಂದ ನಾನು ಅದನ್ನು ಕಸಿದಿದ್ದೆ.

ಕುಕ್ಕರುಗಾಲಲ್ಲಿ ಕೂತೆ. “ತಪ್ಪಾತು ದಿವ್ಯಾ. ನಂಗೂ ನೋಡೂಕೆ ಕಲಿಸ್ತ್ಯಾ?”

ಅವಳು ಅಜ್ಜಿಯ ಬೆನ್ನ ಹಿಂದಿನಿಂದ ಹೊರಬಂದಳು. ಆಮೇಲೆ ಬಲೆಯಿಂದ ಒಂದು ಮೀನು ಆರಿಸಿ ತಂದು ಚಾಚಿದಳು. ಪೇಪರಿಲ್ಲ, ಕರ್ಚೀಫಿಲ್ಲ, ಬಾಲ ಹಿಡಿದು ಬಿಸಿಲಿಗೆ ಎತ್ತಿದೆ. ಹೊಂಬಣ್ಣದ ಮೈಯೊಳಗೆ ಬಾಚಣಿಗೆಯ ಹಲ್ಲಿನಂತೆ ಮುಳ್ಳುಗಳು. ಇಷ್ಟು ಚಂದದ್ದು ನನ್ನ ಮೇಜಿನ ಮೇಲೆ ಅಲ್ಲಿಯವರೆಗೆ ಬಂದಿರಲಿಲ್ಲ.

“ಒಣಗದೆ,” ಎಂದೆ ಧೈರ್ಯವಾಗಿ.

“ಅಲ್ಲ. ಇದು ಹಸಿ,” ಎಂದು ಕಸಿದುಕೊಂಡು ಮತ್ತೆ ಬಲೆಗೆ ಹಾಕಿದಳು. ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು.

ಸೋಮವಾರ ದಿವ್ಯಾ ಬಂದಳು, ಚೀಲದಲ್ಲಿ ಮೂರು ಮೀನು. ನಾನೇ ಸ್ವಿಚ್ ಹಾಕಿದೆ. ಅವಳು ಮೇಜಿನ ತುದಿಗೆ ನಿಂತು ಉಳಿದ ಇಪ್ಪತ್ತೊಂದು ಮಕ್ಕಳಿಗೂ ನನಗೂ ಪರೀಕ್ಷೆ ಮಾಡಿದಳು. ಮಕ್ಕಳಲ್ಲಿ ಹೆಚ್ಚಿನವರು ಪಾಸಾದರು.

ಸೊಸೆಗೆ ಇಷ್ಟೆಲ್ಲ ಹೇಳುವಾಗ ಹಪ್ಪಳದ ಕೆಲಸ ನಿಂತೇಹೋಗಿತ್ತು. ಅವಳು ಒಂದು ಹಪ್ಪಳವನ್ನು ಎತ್ತಿ, ಒಂದು ಕಣ್ಣು ಮುಚ್ಚಿ ಕಿಟಕಿಗೆ ಹಿಡಿದಳು. “ಇದು ಒಣಗಿದ್ಯಾ ಅತ್ತೆ?”

ನಡುವೆ ಒಂದು ಚೂರು ಕಪ್ಪು ನನಗೆ ಕಾಣುತ್ತಿತ್ತು. ಹಸಿ ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ.

“ನಿಂಗೆ ಎಂತ ಕಾಣ್ತದೆ, ಹೇಳು,” ಎಂದೆ.