ಗ್ರೀನಿನ ಹುಳುವೂ ನಾನು ಓಡಿಸಿದ ಗೊರವಂಕವೂ

ನನಗೆ ಗಾಲ್ಫ್ ಬರುವುದಿಲ್ಲ. ಮೂಡಿಗೆರೆ ಕಡೆಯ ನಮ್ಮ ಪ್ಲಾಂಟರುಗಳ ಕ್ಲಬ್ಬಿನಲ್ಲಿ ಇದು ಎಲ್ಲರಿಗೂ ಗೊತ್ತು. ಆದ್ದರಿಂದಲೇ ನನಗೆ ಆಟದ ಮೈದಾನದ ಹುಲ್ಲಿನ ಉಸ್ತುವಾರಿ ಕೊಟ್ಟರು. ಮೂವತ್ತು ವರ್ಷ ಕಾಫಿ ಬೆಳೆದವನಿಗೆ ಹುಲ್ಲು ಯಾವ ಮಹಾ ಎಂದು ನಾನೂ ಒಪ್ಪಿಕೊಂಡೆ. ಜೀವಮಾನವೆಲ್ಲ ತೋಟದ ಹುಲ್ಲು ಕೀಳಿಸಿದವರು ಈಗ ಹುಲ್ಲು ಬೆಳೆಸುತ್ತೀರಾ ಎಂದು ಹೆಂಡತಿ ನಕ್ಕಳು.

ಕ್ಲಬ್ಬಿನ ಪಂದ್ಯಕ್ಕೆ ಇನ್ನು ಹದಿನೈದು ದಿನ ಎನ್ನುವಾಗ ಗ್ರೀನಿನಲ್ಲಿ, ಅಂದರೆ ಚೆಂಡು ಬೀಳಿಸುವ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನಲ್ಲಿ, ಅಂಗೈಯಗಲದ ಕಂದು ಮಚ್ಚೆಗಳು ಕಾಣಿಸಿಕೊಂಡವು. ನಗಬೇಡಿ, ಕಾಫಿಯವರಿಗೆ ಎಲ್ಲ ರೋಗಕ್ಕೂ ನೆರಳೇ ಮದ್ದು. ಸುತ್ತ ನಾಲ್ಕು ಸಿಲ್ವರ್ ಓಕ್ ನೆಡೋಣ ಎಂದೆ. ಹಾಗಾದರೆ ಚೆಂಡು ಎಲ್ಲಿಂದ ಹೋಗಬೇಕು ಎಂದು ಕಾರ್ಯದರ್ಶಿ ಕೇಳಿದರು. ಕೊನೆಗೆ ನೀರು ಸಾಲದು ಎಂದು ತೀರ್ಮಾನವಾಯಿತು. ನೀರು ಹಾಕುವವರು ಗಿರಿಜಮ್ಮ, ಹಾಗಾಗಿ ತಪ್ಪೂ ಗಿರಿಜಮ್ಮನದೇ. ಬಣಕಲ್ಲಿನಿಂದ ದಿನಾ ಬಸ್ಸಿನಲ್ಲಿ ಬಂದು ಹನ್ನೆರಡು ವರ್ಷ ಆ ಹುಲ್ಲನ್ನು ಸಾಕಿದವರು. ಬರುವ ಸೋಮವಾರದ ಮೀಟಿಂಗಿನಲ್ಲಿ ಅವರನ್ನು ಕೆಲಸದಿಂದ ಬಿಡಿಸುವುದೆಂದು ಮಾತಾಯಿತು. ನಾನೂ ತಲೆಯಾಡಿಸಿದೆ.

ಅದರ ಹಿಂದಿನ ದಿನ, ಭಾನುವಾರ, ಅದನ್ನು ಮೊದಲೇ ಹೇಳಲು ಹೋದರೆ, ಆಕೆ ಬಟ್ಟೆ ಸೋಪು ಕದಡಿದ ಬಕೆಟ್ ಹಿಡಿದು ಗ್ರೀನಿನ ಮೇಲೆ ನಿಂತಿದ್ದರು.

"ಗೌಡ್ರೇ, ಒಂದ್ ಗಳಿಗೆ ನೋಡಿ," ಎಂದು ಮಚ್ಚೆಯ ಅಂಚಿಗೆ ನೀರು ಸುರಿದರು. ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಹುಲ್ಲಿನ ಬುಡದಿಂದ ಹಸಿರು ಹುಳುಗಳು ಒಂದೊಂದಾಗಿ ಹೊರಬಂದವು. ಹಗಲು ಅಡಗಿದ್ದು, ಹೊತ್ತು ಮುಳುಗಿದ ಮೇಲೆ ಮೇಯುವ ಜಾತಿ.

"ಇವು ಮೊದ್ಲೂ ಇದ್ವಾ?"

"ಇದ್ವು. ಗೊರವಂಕ ಬಂದು ಹೆಕ್ಕಿ ತಿಂತಿದ್ವು. ಹಕ್ಕಿ ಕುಕ್ಕಿ ತೂತು ಮಾಡ್ತವೆ, ತಗಡು ಬಡಿದು ಓಡ್ಸಿ ಅಂತ ನೀವೇ ಹೇಳಿದ್ರಲ್ಲ. ಓಡ್ಸಿದೆ."

ಹೇಳಿದ್ದು ನಿಜ. ಉಸ್ತುವಾರಿ ಸಿಕ್ಕ ಮೊದಲ ವಾರವೇ ಹೇಳಿದ್ದೆ. ಕಾಫಿ ಒಣಹಾಕಿದ ಕಣಕ್ಕೆ ಕೋಳಿಯೋ ಮಂಗವೋ ಇಳಿದರೆ ತಗಡು ಬಡಿಸಿ ಅಭ್ಯಾಸವಾದವನು ನಾನು. ಗ್ರೀನು ಕೂಡ ಕಣದ ಹಾಗೇ ಕಂಡಿತ್ತು. ತುಂಬಾ ನಾಚಿಕೆಯಾಯಿತು. ಹೇಳಲು ಬಂದದ್ದನ್ನು ಹೇಳದೆ ಮನೆಗೆ ಬಂದೆ.

ಮರುದಿನ ಮೀಟಿಂಗಿನಲ್ಲಿ ಎದ್ದು ನಿಂತು, "ಹುಲ್ಲು ಕೆಡ್ಸಿದ್ದು ನಾನು, ಗಿರಿಜಮ್ಮ ಅಲ್ಲ," ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

"ಹಂಗಾದ್ರೆ ನಿನ್ನನ್ನೇ ಬಿಡಿಸ್ಬೇಕಲ್ಲ ಮಾರಾಯ," ಎಂದರು ಕಾರ್ಯದರ್ಶಿ. ನನ್ನ ಬದಲಿಗೆ ಉಸ್ತುವಾರಿ ಹೊರಲು ಯಾರೂ ಕೈ ಎತ್ತದ್ದರಿಂದ ನಾನು ಉಳಿದೆ. ಗಿರಿಜಮ್ಮನೂ ಉಳಿದರು. ತಗಡು ಗುಜರಿಗೆ ಹೋಯಿತು. ಔಷಧಿ ಹೊಡೆಸಲು ನನ್ನ ಕೈ ತುರಿಸುತ್ತಿತ್ತು. ಹಕ್ಕಿ ಸಾಯ್ತವೆ ಎಂದು ಗಿರಿಜಮ್ಮ ಸ್ಪ್ರೇಯರ್ ಇಟ್ಟ ಕೋಣೆಯ ಬೀಗದ ಕೈಯನ್ನೇ ಕೊಡಲಿಲ್ಲ. ದಿನಾ ಸೋಪು ನೀರು ಹಾಕಿ, ಎದ್ದ ಹುಳುಗಳನ್ನು ಗುಡಿಸಿ ತೆಗೆದರು. ಮೂರನೆಯ ದಿನ ಎರಡು ಗೊರವಂಕ ಬಂದವು, ಆಮೇಲೆ ಅವುಗಳ ನೆಂಟರಿಷ್ಟರೆಲ್ಲ ಬಂದರು.

ಪಂದ್ಯದ ದಿನ ಮಚ್ಚೆಗಳು ಪೂರ್ತಿ ಮಾಯವಾಗಿರಲಿಲ್ಲ. ಕಾರ್ಯದರ್ಶಿ ಚೆಂಡನ್ನು ಗುಳಿಗೆ ತಳ್ಳಲು ಬಗ್ಗಿದಾಗ ಒಂದು ಗೊರವಂಕ ನಡುವೆ ಬಂದು ಕುಕ್ಕತೊಡಗಿತು. ನನಗೆ ಗೊತ್ತಿಲ್ಲದೆಯೇ ಅದನ್ನು ಓಡಿಸಲು ನನ್ನ ಕೈ ಮೇಲೆದ್ದಿತು. ಆ ಕಡೆ ಪೈಪು ಹಿಡಿದು ನಿಂತಿದ್ದ ಗಿರಿಜಮ್ಮ ನನ್ನನ್ನೇ ನೋಡುತ್ತಿದ್ದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಉಸ್ತುವಾರಿಯಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಅದು.